ಉಪೇಕ್ಷೆಯೂ ಉದ್ಧಾರವೂ

ಮನುಷ್ಯನ ಕೈಯಿಂದಾದ ವಸ್ತುಗಳು ಎರಡು ಬಗೆಯಿಂದ ಕೆಡುತ್ತವೆ. ದುಡಿದು ಸವೆದು ಕೆಡುವುದು ಒಂದು. ದುಡಿಮೆಯಿಲ್ಲದೆ ಮೂಲೆ ಸೇರಿ ಕೆಡುವುದು ಮತ್ತೊಂದು. ಸವೆದುಹೋದ ನೇಗಿಲ ಕುಳವನ್ನು ಕಂಡಾಗ ಮನಸ್ಸಿನಲ್ಲಿ ಗೌರವ ಮೂಡುತ್ತದೆ. ಅದು ತನ್ನ ಪಾಲಿನ ಕಾಯಕವನ್ನು ಮುಗಿಸಿದ ಹಿರಿಯನಂತೆ ತೋರುತ್ತದೆ. ಅಟ್ಟದ ಮೇಲೆ ತುಕ್ಕು ತಿಂದ ಕುಳವನ್ನು ಕಂಡಾಗಲಾದರೋ ಒಳಗೊಳಗೇ ನಾಚಿಕೆಯುಂಟಾಗುತ್ತದೆ. ಆ ತುಕ್ಕು ಕಬ್ಬಿಣದ ದೋಷವಲ್ಲ, ಒಡೆಯನ ಮರೆವಿನ ಗುರುತು. ಹೀಗೆ ಮರೆತುಬಿಟ್ಟುದನ್ನು ಮರಳಿ ಎತ್ತಿ ನಿಲ್ಲಿಸುವ ಕ್ರಮ ಯಾವುದು? ಬಲಪ್ರಯೋಗವೆ, ಹೊರಗಿನ ಬಣ್ಣವೆ, ಅಥವಾ ಬೇರೊಂದೆ? ಇದನ್ನು ವಿಚಾರಿಸುವುದಕ್ಕೆ ಶಾಸ್ತ್ರಗ್ರಂಥಗಳನ್ನೇ ತೆರೆಯಬೇಕಾಗಿಲ್ಲ. ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತಿರುವ ಹಳೆಯ ಮೋಟಾರು ಸೈಕಲ್ಲೊಂದು ಸಾಕು.

ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಹೀಗೆ ನಿಂತಿರುವ ವಾಹನವೆಂದರೆ ಜಾವಾ. ಈ ಹೆಸರು ಹುಟ್ಟಿದ್ದು ದೂರದ ಚೆಕೊಸ್ಲೊವಾಕಿಯದಲ್ಲಿ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ಆಗ ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ತನ್ನ ವಾಹನಕ್ಕೆ ಈ ನಾಮವನ್ನಿಟ್ಟನು. ಮೂರು ದಶಕಗಳ ಅನಂತರ ಅದು ಮೈಸೂರಿಗೆ ಬಂದಿತು. ಮಹಾರಾಜ ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯು ತಲೆಯೆತ್ತಿ, 1961ರಿಂದ ಅಲ್ಲಿ ಮೋಟಾರು ಸೈಕಲ್ಲುಗಳು ಸಿದ್ಧವಾಗತೊಡಗಿದವು. 1973ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. ಸಾವಿರಾರು ಸಂಸಾರಗಳಿಗೆ ಅನ್ನವಿತ್ತ ಆ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆಯು ನಿಂತರೂ ಅದರ ಕೂಸುಗಳು ನಿಲ್ಲಲಿಲ್ಲ. ಹಾಲು ಹೊತ್ತವು, ಉಪಾಧ್ಯಾಯರನ್ನು ಹಳ್ಳಿಯ ಶಾಲೆಗೆ ಮುಟ್ಟಿಸಿದವು, ನವದಂಪತಿಗಳನ್ನು ಜಾತ್ರೆಗೆ ಕರೆದೊಯ್ದವು. ಬಳಿಕ ಒಂದೊಂದಾಗಿ ಕೊಟ್ಟಿಗೆ ಸೇರಿದವು.

ದೃಷ್ಟಾಂತಕ್ಕೆ ಒಬ್ಬ ಗೃಹಸ್ಥನನ್ನು ನೆನೆಯಬಹುದು. ಮೈಸೂರು ಸೀಮೆಯ ಒಂದು ಊರಿನಲ್ಲಿ ಆತನ ಮನೆ. ತಂದೆಯವರು ಶಾಲಾ ಉಪಾಧ್ಯಾಯರಾಗಿದ್ದವರು. ಕಾರ್ಖಾನೆಯ ಮೊದಲ ದಶಕದಲ್ಲಿ ತಯಾರಾದ ಜಾವಾ ಒಂದನ್ನು ಕೊಂಡು ಮೂವತ್ತು ವರ್ಷಕಾಲ ಅದರಲ್ಲೇ ಓಡಾಡಿದವರು. ಕಣ್ಣು ಮಂದವಾದ ಮೇಲೆ ಒಂದು ದಿನ ವಾಹನವನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಬೀಗದ ಕೈಯನ್ನು ಗೂಟಕ್ಕೆ ತಗುಲಿಸಿ, ತಾವು ಜಗಲಿಯ ಮೇಲೆ ಕುಳಿತರು. ಮಗನಿಗೆ ವ್ಯವಹಾರದ ಗಡಿಬಿಡಿ. ಆತನು ತಂದೆಯವರನ್ನು ಚೆನ್ನಾಗಿಯೇ ನೋಡಿಕೊಂಡನು. ಊಟ, ಔಷಧಿ, ಹೊದಿಕೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಇಪ್ಪತ್ತು ವರ್ಷಗಳಲ್ಲಿ ಅವರನ್ನು ಒಂದು ವಿಷಯವನ್ನೂ ಕೇಳಲಿಲ್ಲ. ಕೇಳುವಂಥದು ಅವರಲ್ಲಿ ಏನಾದರೂ ಇದ್ದೀತೆಂಬ ಯೋಚನೆಯೇ ಆತನಿಗೆ ಬರಲಿಲ್ಲ. ಕೊಟ್ಟಿಗೆಯನ್ನು ಕೆಡವಿಸುವ ಸಮಯ ಬಂದಾಗ ಗುಜರಿಯವನು ಬಂದು, ಜಾವಾವನ್ನು ಕಬ್ಬಿಣದ ತೂಕಕ್ಕೆ ಕೇಳಿದನು. ಗೃಹಸ್ಥನು ಒಪ್ಪುವವನಿದ್ದನು. ಅಷ್ಟರಲ್ಲಿ ಜಗಲಿಯ ಮೇಲಿದ್ದ ತಂದೆಯವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾತೊಂದನ್ನೂ ಆಡಲಿಲ್ಲ. ಆ ಮೌನವು ಮಗನ ಎದೆಗೆ ತಗುಲಿತು. ಗುಜರಿಯವನು ಬರಿಗೈಯಲ್ಲಿ ಮರಳಿದನು.

ಮನಸ್ಸು ಒಮ್ಮೆ ತಿರುಗಿದರೆ ಮನುಷ್ಯನಿಗೆ ತಡೆಯಲಾರದ ಆತುರ ಬರುತ್ತದೆ. ಗೃಹಸ್ಥನು ಅಂದೇ ಸಂಜೆ ವಾಹನವನ್ನು ಅಂಗಳಕ್ಕೆ ತಂದು, ಧೂಳು ಕೊಡವಿ, ಕಿಕ್ಕನ್ನು ಒದೆಯಲು ಹೊರಟನು. ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಎಡಗಡೆಯ ಒಂದೇ ಸಲಾಕೆ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಸ್ವಸ್ಥಾನದಲ್ಲಿ ಬಿಟ್ಟರೆ ಗೇರು. ಸಲಾಕೆಯ ಮೇಲೆ ಕಾಲಿಟ್ಟಾಗ ಅದು ಕಲ್ಲಿನಂತೆ ನಿಂತಿತು. ಮತ್ತಷ್ಟು ಬಲ ಹಾಕುವುದರೊಳಗೆ, ಕರೆ ಕಳುಹಿಸಿದ್ದ ವೃದ್ಧ ಮೇಸ್ತ್ರಿಯು ಬಂದು ಕೈ ಹಿಡಿದನು. ಯಾದವಗಿರಿಯ ಕಾರ್ಖಾನೆಯಲ್ಲಿ ಬಾಗಿಲು ಮುಚ್ಚುವವರೆಗೆ ದುಡಿದವನು ಆತ. “ಒದೆಯಬೇಡಿ ಸ್ವಾಮಿ. ಒಳಗೆ ಏನಾಗಿದೆಯೆಂದು ತಿಳಿಯದೆ ಹೊರಗಿನಿಂದ ಒದ್ದರೆ ಉಳಿದಿರುವುದೂ ಮುರಿಯುತ್ತದೆ” ಎಂದನು.

ಮೇಸ್ತ್ರಿಯ ಈ ಮಾತಿನ ಅರ್ಥವನ್ನು ಗ್ರಹಿಸಬೇಕಾದರೆ ಯಂತ್ರದ ಒಳಗನ್ನು ಅರಿಯಬೇಕು. ಜಾವಾದ ಎಂಜಿನ್ನು ಸುಮಾರು 250 ಘನ ಸೆಂಟಿಮೀಟರಿನದು. ಅದರ ಸಿಲಿಂಡರು 65 ಮಿಲಿಮೀಟರು ಅಗಲ, ಪಿಸ್ಟನ್ನಿನ ಓಟ 75 ಮಿಲಿಮೀಟರು. ಇದು ಎರಡು ಹೊಡೆತದ ಎಂಜಿನ್ನು, ಇದರಲ್ಲಿ ವಾಲ್ವುಗಳಿಲ್ಲ. ಏರಿಳಿಯುವ ಪಿಸ್ಟನ್ನೇ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಮುಚ್ಚುತ್ತ ತೆರೆಯುತ್ತ ಉಸಿರಾಟವನ್ನು ನಡೆಸುತ್ತದೆ. ಒಳಭಾಗಗಳಿಗೆ ಜಿಡ್ಡು ದೊರೆಯುವುದು ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯಿಂದ. ಓಡುತ್ತಿರುವವರೆಗೆ ಜಿಡ್ಡು ಉಂಟು. ನಿಂತ ಮೇಲೆ ಆ ತೆಳು ಪೊರೆಯು ಕ್ರಮೇಣ ಇಳಿದುಹೋಗುತ್ತದೆ. ಮಳೆಗಾಲದ ತೇವವು ಒಳಸೇರುತ್ತದೆ, ಪಿಸ್ಟನ್ನಿನ ರಿಂಗುಗಳು ಸಿಲಿಂಡರಿಗೆ ಅಂಟಿಕೊಳ್ಳುತ್ತವೆ. ಅಂಥ ಸ್ಥಿತಿಯಲ್ಲಿ ಬಲದಿಂದ ಒದ್ದರೆ ರಿಂಗು ಮುರಿದು ಕಿಂಡಿಗೆ ಸಿಕ್ಕಿ ಸಿಲಿಂಡರನ್ನೇ ಗೀರಿಬಿಡುತ್ತದೆ. ತನ್ನ ಮರೆವಿಗೆ ತಾನೇ ಕಾರಣನಾದವನು ಆ ಕೋಪವನ್ನು ಮರೆಯಲ್ಪಟ್ಟುದರ ಮೇಲೆ ತೀರಿಸುವುದು ಲೋಕದಲ್ಲಿ ಹೊಸದೇನೂ ಅಲ್ಲ. ಮುದಿ ತಂದೆಯ ಮೇಲೆ, ಓದಿನಲ್ಲಿ ಹಿಂದೆ ಬಿದ್ದ ಮಗುವಿನ ಮೇಲೆ, ಮಾತು ಬಿಟ್ಟ ಸೋದರನ ಮೇಲೆ ಇಂಥ ಒದೆತ ಬೀಳುತ್ತಲೇ ಇರುತ್ತದೆ.

ಮೇಸ್ತ್ರಿಯು ಮಾಡಿದ್ದು ಬೇರೆ. ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಿಂದ ಡೀಸೆಲ್ಲು ಮತ್ತು ತೆಳುವಾದ ಎಣ್ಣೆಯನ್ನು ಬೆರೆಸಿ ಹೊಯ್ದನು. ಬಟ್ಟೆಯಿಂದ ಬಾಯಿ ಕಟ್ಟಿ ಮನೆಗೆ ಹೋದನು. ಮರುದಿನ ಬಂದು ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗಿ ನೋಡಿದನು. ಅಲುಗಲಿಲ್ಲ. ಮತ್ತೆ ಎಣ್ಣೆ ಹೊಯ್ದನು. ಹೀಗೆ ಹತ್ತು ದಿನಗಳು ಕಳೆದವು. ಹನ್ನೊಂದನೆಯ ದಿನ ಕೂದಲೆಳೆಯಷ್ಟು ಅಲುಗಿತು, ಹನ್ನೆರಡನೆಯ ದಿನ ಬೆರಳಗಲ, ಆಮೇಲೆ ಪೂರ್ಣ ಸುತ್ತು. ಇಪ್ಪತ್ತು ವರ್ಷಗಳ ಬಿಗುವು ಹನ್ನೆರಡು ದಿನಗಳಲ್ಲಿ ಸಡಿಲಿತು. ಗಡಿಯಾರ ನೋಡುವವನಿಗೆ ಇದು ವಿಳಂಬ. ತನ್ನ ಉಪೇಕ್ಷೆಯ ಕಾಲವನ್ನು ಲೆಕ್ಕ ಹಾಕುವವನಿಗೆ ಇದು ಅನುಗ್ರಹ.

ಬಿಗುವು ಬಿಟ್ಟ ಮೇಲೆ ಎರಡನೆಯ ಆತುರ ಬಂದಿತು. ಗೃಹಸ್ಥನಿಗೆ ವಾಹನವು ಹೊಸದರಂತೆ ಹೊಳೆಯಬೇಕು. ಟ್ಯಾಂಕಿಗೆ ಬಣ್ಣ, ಸೈಲೆನ್ಸರುಗಳಿಗೆ ಹೊಳಪು ಮೊದಲು ಆಗಲಿ, ಬೀದಿಯವರು ನೋಡಲಿ ಎಂಬುದು ಆತನ ಆಸೆ. ಮೇಸ್ತ್ರಿಯು ನಕ್ಕು ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದನು. ಹಳೆಯ ಪೆಟ್ರೋಲು ಗೋಂದಿನಂತಾಗಿ ತಳಕ್ಕಂಟಿ, ಅದರ ಮೇಲೆ ತುಕ್ಕಿನ ಪದರ ಬೆಳೆದಿತ್ತು. ಈ ಟ್ಯಾಂಕಿಗೆ ಹೊರಗೆ ಎಷ್ಟು ಬಣ್ಣ ಬಳಿದರೂ, ಒಳಗಿನ ತುಕ್ಕು ಪೆಟ್ರೋಲಿನೊಡನೆ ಇಳಿದು ಕಾರ್ಬುರೇಟರಿನ ಜೆಟ್ಟನ್ನು ಮುಚ್ಚುವುದು ತಪ್ಪದು. ಜೆಟ್ಟಿನ ರಂಧ್ರವು ಸೂಜಿಯ ಮೊನೆಯಷ್ಟು ಕಿರಿದು. ಒಂದು ಕಣ ಸಾಕು, ಇಡೀ ವಾಹನವು ದಾರಿಯಲ್ಲಿ ನಿಲ್ಲುತ್ತದೆ. ಆದುದರಿಂದ ಟ್ಯಾಂಕಿನೊಳಗೆ ಸಣ್ಣ ನಟ್ಟುಗಳನ್ನೂ ಸೀಮೆಎಣ್ಣೆಯನ್ನೂ ಹಾಕಿ ಗಂಟೆಗಟ್ಟಲೆ ಕುಲುಕಿದರು. ಕೆಂಪು ನೀರು ಹೊರಬಂದಿತು. ಮತ್ತೆ ಹಾಕಿ ಕುಲುಕಿದರು. ತಿಳಿ ಬರುವವರೆಗೆ ಬಿಡಲಿಲ್ಲ. ಅಂತರಂಗಶುದ್ಧಿಯು ಮೊದಲು, ಬಹಿರಂಗದ ಅಲಂಕಾರವು ಅನಂತರ ಎಂಬ ಮಾತನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗಿದ್ದ ಗೃಹಸ್ಥನಿಗೆ, ಅದನ್ನು ತೋಳು ನೋಯುವಂತೆ ಮಾಡಿ ನೋಡುವ ಪ್ರಸಂಗ ಮೊದಲ ಬಾರಿಗೆ ಬಂದಿತು.

ಆಮೇಲೆ ಎಂಜಿನ್ನನ್ನು ಬಿಚ್ಚಿದರು. ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳು ಒಣಗಿ ಬಿರಿದಿದ್ದವು. ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣವು ಮೊದಲು ಕೆಳಗಿನ ಕೋಣೆಗೆ ಬಂದು ಅಲ್ಲಿ ಒತ್ತಲ್ಪಟ್ಟು ಮೇಲೇರಬೇಕು. ಸೀಲು ಬಿರಿದರೆ ಬೇಡದ ಗಾಳಿಯು ನುಗ್ಗಿ ಮಿಶ್ರಣವು ತೆಳುವಾಗುತ್ತದೆ, ಪಿಸ್ಟನ್ನು ಕಾದು ಕೆಡುತ್ತದೆ. ಅವುಗಳನ್ನು ಬದಲಾಯಿಸಿದರು. ತುಕ್ಕು ತಿಂದ ಸಿಲಿಂಡರನ್ನು ಬೋರು ಮಾಡಿಸಿ, ಕಾಲು ಮಿಲಿಮೀಟರಿನ ಮೆಟ್ಟಿಲಿನಂತೆ ಮುಂದಿನ ಅಳತೆಯ ಪಿಸ್ಟನ್ನನ್ನು ಹಾಕಿದರು. ಕಿಡಿಯನ್ನು ಹುಟ್ಟಿಸುವ ಪಾಯಿಂಟುಗಳನ್ನು ಉಜ್ಜಿ, ಅವುಗಳ ನಡುವಿನ ಅಂತರವನ್ನು 0.4 ಮಿಲಿಮೀಟರಿಗೆ ತಂದರು. ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ಕಿಡಿಯು ತನ್ನ ಹೊತ್ತಿಗೆ ಬಾರದು. ಕ್ಲಚ್ಚಿನ ಬಿರಡೆ ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳನ್ನು ಬಿಡಿಸಿ ಎಣ್ಣೆಯಲ್ಲಿ ನೆನೆಹಾಕಿದರು. 6 ವೋಲ್ಟಿನ ಬ್ಯಾಟರಿ, ಹೊಸ ವೈರುಗಳು, ಹೊಸ ಟೈರು ಟ್ಯೂಬುಗಳು, ಬ್ರೇಕಿನ ಪಟ್ಟಿಗಳು ಬಂದವು. ಪೆಟ್ರೋಲಿಗೆ ಲೀಟರೊಂದಕ್ಕೆ ಸುಮಾರು 40 ಮಿಲಿಲೀಟರು ಎಣ್ಣೆ ಎಂಬುದು ನಿಯಮ. ಹೊಸ ಪಿಸ್ಟನ್ನು ಪಳಗುವವರೆಗೆ ಒಂದಿಷ್ಟು ಹೆಚ್ಚು. ಎಣ್ಣೆ ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ವಿಪರೀತವಾದರೆ ಮಸಿ ಕಟ್ಟಿ ಉಸಿರು ಕಟ್ಟುತ್ತದೆ. ಪ್ರೀತಿಯ ವಿಷಯದಲ್ಲಿಯೂ ಈ ಅಳತೆಯನ್ನು ಅರಿತವರು ವಿರಳ.

ಈ ಹೊತ್ತಿನಲ್ಲಿ ಮೇಸ್ತ್ರಿಯ ಕೈಗಳನ್ನು ಗಮನಿಸಬೇಕು. ಉಗುರಿನ ಸಂದುಗಳಲ್ಲಿ ತೊಳೆದರೂ ಹೋಗದ ಮಸಿ. 1996ರಲ್ಲಿ ಕೆಲಸ ಹೋದಾಗ ಆತನಿಗೆ ಹೆಂಡತಿ ಮಕ್ಕಳಿದ್ದರು. ಊರೂರು ತಿರುಗಿ ಹಳೆಯ ಜಾವಾಗಳನ್ನು ರಿಪೇರಿ ಮಾಡುತ್ತ ಸಂಸಾರವನ್ನು ದಡ ಮುಟ್ಟಿಸಿದನು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಯ್ಯ, ಬುಟ್ಟಿ ಹೆಣೆದ ಮೇದರ ಕೇತಯ್ಯ, ಹರಿಗೋಲು ನಡೆಸಿದ ಅಂಬಿಗರ ಚೌಡಯ್ಯ ಇವರ ಹೆಸರುಗಳನ್ನು ಭಕ್ತಿಯಿಂದ ಉಚ್ಚರಿಸುವ ಮನೆಗಳಲ್ಲಿ, ಇಂಥ ಕೈಗಳಿಗೆ ಜಗಲಿಯ ಮೇಲೆ ಜಾಗವುಂಟೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮೊದಲ ದಿನಗಳಲ್ಲಿ ಗೃಹಸ್ಥನು ಮೇಸ್ತ್ರಿಗೆ ಅಂಗಳದಲ್ಲಿಯೇ ಊಟ ಕೊಡಿಸುತ್ತಿದ್ದನು. ಒಂದು ಮಧ್ಯಾಹ್ನ ತಂದೆಯವರು ಒಳಗಿನಿಂದ ಬಂದು, “ನನ್ನ ಪಕ್ಕದಲ್ಲಿ ಎಲೆ ಹಾಕಿ” ಎಂದರು. ಅಂದಿನಿಂದ ಇಬ್ಬರು ವೃದ್ಧರಿಗೂ ಒಟ್ಟಿಗೇ ಊಟವಾಯಿತು.

ಎಂಜಿನ್ನು ಕೂಡಿಕೊಂಡು ಕಿಕ್ಕು ಒದೆದ ದಿನ ಮೂರನೆಯ ಸಲಕ್ಕೆ ಪ್ರಾಣ ಬಂದಿತು. ನೀಲಿಹೊಗೆ ಅಂಗಳವನ್ನು ತುಂಬಿತು, ಮಕ್ಕಳು ಕೂಗಿದರು. ಆದರೆ ವಾಹನವು ಬೀದಿಯ ತುದಿಯ ಏರನ್ನು ಹತ್ತಲಾರದೆ ಬಳಲಿತು. ಮೇಸ್ತ್ರಿಯೂ ಗೃಹಸ್ಥನೂ ಎರಡು ದಿನ ಕಾರ್ಬುರೇಟರನ್ನು ಬಿಚ್ಚಿ ಕಟ್ಟಿದರು, ಫಲವಿಲ್ಲ. ಗೃಹಸ್ಥನಿಗೆ ಸಹನೆ ತಪ್ಪಿತು. ಆಗ ಜಗಲಿಯ ಮೇಲಿಂದ ಮೆಲುದನಿಯೊಂದು ಕೇಳಿಸಿತು. “ಮಗು, ಬಲಗಡೆಯದು ಮಾತಾಡುತ್ತಿಲ್ಲ.”

ಜಾವಾಕ್ಕೆ ಸಿಲಿಂಡರು ಒಂದೇ ಆದರೂ ಹೊಗೆ ಹೊರಡುವ ದಾರಿಗಳು ಎರಡು, ಸೈಲೆನ್ಸರುಗಳೂ ಎರಡು. ಪ್ರತಿ ಸೈಲೆನ್ಸರಿನೊಳಗೆ ಕಳಚಿ ಶುದ್ಧಿಮಾಡತಕ್ಕ ಒಂದು ಒಳಗೊಳವೆಯುಂಟು. ಎಣ್ಣೆಯ ಮಸಿ ಅದರಲ್ಲಿ ಕಟ್ಟುತ್ತದೆ. ಎಡಗಡೆಯದನ್ನು ತೆಗೆದು ಶುದ್ಧಿಮಾಡಿದ್ದರು. ಬಲಗಡೆಯದು ತುಕ್ಕಿನಿಂದ ಕಚ್ಚಿಕೊಂಡಿದ್ದುದರಿಂದ, ಇರಲಿ ಎಂದು ಬಿಟ್ಟು, ಹೊರಗೆ ಮಾತ್ರ ತಿಕ್ಕಿ ಹೊಳಪು ಕೊಟ್ಟಿದ್ದರು. ಕಣ್ಣಿದ್ದವರು ಆ ಹೊಳಪಿಗೆ ಮರುಳಾದರು. ಕಣ್ಣು ಮಂದವಾದವರಿಗೆ ಒಳಗಿನ ಉಸಿರು ಕಟ್ಟಿದ್ದು ಕೇಳಿಸಿತು. ಒಳಗೊಳವೆಯನ್ನು ಕಾಸಿ ಎಳೆದಾಗ, ರಾಗಿ ಮುದ್ದೆಯಷ್ಟು ಗಟ್ಟಿಯಾಗಿ ಮಸಿ ಉದುರಿತು. ಅಂದು ಸಂಜೆ ವಾಹನವು ಏರನ್ನು ನಿರಾಯಾಸವಾಗಿ ಹತ್ತಿತು.

ಮೇಸ್ತ್ರಿಯು ತಂದೆಯವರ ಕಾಲಿಗೆರಗಿ, “ಯಜಮಾನರೆ, ನೀವು ಮೊದಲೇ ಹೇಳಬಾರದಿತ್ತೆ?” ಎಂದನು. “ಯಾರೂ ಕೇಳಲಿಲ್ಲವಪ್ಪ” ಎಂದರು ಅವರು. ಅದರಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ. ಗೃಹಸ್ಥನಿಗೆ ಮಾತ್ರ ಅಂದು ರಾತ್ರಿ ನಿದ್ರೆ ಹತ್ತಲಿಲ್ಲ. ಕೊಟ್ಟಿಗೆಯಲ್ಲಿ ನಿಂತದ್ದು ಒಂದೇ ಎಂದು ಆತನು ತಿಳಿದಿದ್ದನು. ಅದರ ಜೊತೆಗೆ ಜಗಲಿಯ ಮೇಲೆಯೂ ಒಂದು ಜೀವವು ಬಳಕೆಯಿಲ್ಲದೆ ನಿಂತಿತ್ತು. ಅನ್ನ ವಸ್ತ್ರಗಳನ್ನು ಕೊಟ್ಟುದರಿಂದಲೇ ಸೇವೆಯು ಮುಗಿಯಲಿಲ್ಲ. ಹಿರಿಯರಿಂದ ಏನನ್ನೂ ಕೇಳದಿರುವುದು ಅವರನ್ನು ಹೊದಿಕೆ ಹೊದಿಸಿ ಮೂಲೆಯಲ್ಲಿಟ್ಟಂತೆಯೇ.

ಕೊನೆಗೆ ಬಣ್ಣದ ಮಾತು ಬಂದಿತು. ಟ್ಯಾಂಕಿನ ಎಡಬದಿಯಲ್ಲಿ ಒಂದು ತಗ್ಗು ಇತ್ತು. ಅದನ್ನು ತುಂಬಿಸಿ ಸಮಮಾಡಬೇಕೆಂದು ಗೃಹಸ್ಥನು ಹೇಳಿದಾಗ ತಂದೆಯವರು ಕೈಯಿಂದ ತಡವಿ, “ಇದು ಇರಲಿ. ನೀನು ಆರು ವರ್ಷದವನಿದ್ದಾಗ ಹತ್ತಲು ಹೋಗಿ ಗಾಡಿಯನ್ನು ಕೆಡವಿದ ಗುರುತು” ಎಂದರು. ಮಗನಿಗೆ ಅದು ನೆನಪೇ ಇರಲಿಲ್ಲ. ಆ ತಪ್ಪಿಗೆ ಬೈಗುಳ ಸಿಕ್ಕಿದ ನೆನಪೂ ಇರಲಿಲ್ಲ, ಏಕೆಂದರೆ ಅವರು ಬೈದಿರಲಿಲ್ಲ. ತಗ್ಗು ಹಾಗೆಯೇ ಉಳಿಯಿತು. ಹಳೆಯ ಬಣ್ಣವನ್ನು ತೊಳೆದು ಉಜ್ಜಿ, ಚಾಸಿಯ ಮೇಲಿನ ಮತ್ತು ಎಂಜಿನ್ನಿನ ಮೇಲಿನ ಅಂಕಿಗಳನ್ನು ಅಳಿಸದೆ ಕಾಪಾಡಿದರು. ಪುನರುದ್ಧಾರವೆಂದರೆ ಹಳೆಯದನ್ನು ಅಳಿಸಿ ಹೊಸದನ್ನು ನಟಿಸುವುದಲ್ಲವೆಂಬುದು ರಾಜ್ಯಾಂಗದವರಿಗೂ ತಿಳಿದಿದೆ. 2021ರಲ್ಲಿ ಕೇಂದ್ರ ಸರ್ಕಾರವು ಮಾಡಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷಗಳು ಮೀರಿ ಮೂಲರೂಪವನ್ನು ಉಳಿಸಿಕೊಂಡ ವಾಹನಕ್ಕೆ ಪುರಾತನ ವಾಹನವೆಂಬ ಪ್ರತ್ಯೇಕ ನೋಂದಣಿಯುಂಟು. ಅದರ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ, ಅವಧಿ ಹತ್ತು ವರ್ಷ. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ ಮುಂತಾದವಕ್ಕಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗೃಹಸ್ಥನು ಅದನ್ನು ಬೇಡವೆಂದು, ಹಳೆಯ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದಕ್ಕೆ ಕಾಗದಪತ್ರಗಳನ್ನು ಹಿಡಿದು ಕಚೇರಿಗೆ ಅಲೆದನು. ವಾಹನವು ಓಡಬೇಕೆಂಬುದೇ ಆತನ ಸಂಕಲ್ಪವಾಗಿತ್ತು.

ಆ ಸಂಕಲ್ಪದಲ್ಲಿ ವಿವೇಕವಿದೆ. ಎದ್ದು ನಿಂತ ಯಂತ್ರವು ಮತ್ತೆ ಕೆಡುವುದಕ್ಕೆ ಬಹುಕಾಲ ಬೇಡ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲು ಸೇರಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನಲ್ಲಿ ಮತ್ತೆ ತುಕ್ಕು ಹುಟ್ಟುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ಓಡಿಸಬೇಕು. ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕನ್ನು ಮುಚ್ಚಿ ಕಾರ್ಬುರೇಟರಿನಲ್ಲಿರುವುದು ಉರಿದು ತೀರುವಂತೆ ಮಾಡಬೇಕು. ದೀರ್ಘಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದುಮಾಡಬೇಕು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿಗಳ ದಿನವೆಂದು ಮೈಸೂರು ಬೆಂಗಳೂರುಗಳಲ್ಲಿ ನೂರಾರು ವಾಹನಗಳು ಸಾಲುಗೂಡುತ್ತವೆ. ಅದು ಸಂತೋಷದ ಸಂಗತಿ. ಆದರೆ ವರ್ಷಕ್ಕೊಂದು ದಿನದ ಉತ್ಸವವು ಉಳಿದ ದಿನಗಳ ಆರೈಕೆಗೆ ಬದಲಾಗಲಾರದು. ಹಬ್ಬದ ದಿನ ಮಾತ್ರ ಹಿರಿಯರ ಪಾದಕ್ಕೆರಗುವ ಮನೆಯವರೂ ಇದನ್ನು ಮನಸ್ಸಿಗೆ ತಂದುಕೊಳ್ಳಬಹುದು.

ಈಗ ಆ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಜಾವಾ ಹೊರಡುತ್ತದೆ. ಗೃಹಸ್ಥನು ಊರ ಕೆರೆಯವರೆಗೆ ಹೋಗಿ ಮರಳುತ್ತಾನೆ. ತಂದೆಯವರು ಜಗಲಿಯ ಮೇಲೆ ಕುಳಿತು ಕಿವಿಗೊಟ್ಟಿರುತ್ತಾರೆ. ಮಗನು ಬಂದು ಅವರ ಪಕ್ಕದಲ್ಲಿ ಕುಳಿತು, “ಅಪ್ಪಾಜಿ, ಇವತ್ತು ಹೇಗೆ ಕೇಳಿಸಿತು?” ಎಂದು ಕೇಳುತ್ತಾನೆ. ಅವರು ಹೇಳುತ್ತಾರೆ. ಎಂಜಿನ್ನಿನ ಮಾತು ಮುಗಿದು ಹಳೆಯ ದಾರಿಗಳ ಮಾತು, ಓದಿಸಿದ ಮಕ್ಕಳ ಮಾತು, ತೀರಿಹೋದ ತಾಯಿಯ ಮಾತು ಬರುತ್ತದೆ. ಒಂದು ಗಂಟೆ ಕಳೆದದ್ದು ಇಬ್ಬರಿಗೂ ತಿಳಿಯುವುದಿಲ್ಲ.

ಸದ್ಭಕ್ತರಾದ ಗೃಹಸ್ಥರು ತಮ್ಮ ತಮ್ಮ ಮನೆಯ ಮೂಲೆಗಳನ್ನು ಒಮ್ಮೆ ನೋಡಲಿ. ಅಲ್ಲಿ ನಿಂತಿರುವುದು ಯಂತ್ರವಾಗಿರಬಹುದು, ಮನುಷ್ಯನಾಗಿರಬಹುದು, ಎಂದೋ ಕೈಬಿಟ್ಟ ಸಂಬಂಧವಾಗಿರಬಹುದು. ಅದನ್ನು ಒದೆಯದೆ, ಮೇಲೆ ಮೇಲೆ ಬಣ್ಣ ಬಳಿಯದೆ, ತಾಳ್ಮೆಯ ಎಣ್ಣೆಯನ್ನು ಹೊಯ್ದು ಕಾಯಲಿ. ಬಲ್ಲವರನ್ನು ವಿನಯದಿಂದ ಕೇಳಲಿ. ಎದ್ದು ನಿಂತ ಮೇಲೆ ಮತ್ತೆ ಮರೆಯದಿರಲಿ. ಸರ್ವರಿಗೂ ಮಂಗಳವಾಗಲಿ.